ಫ್ಯೂಸ್ ಹೋತು ಖರೆ, ಆದ್ರ ಯಾಕ ಹೋತು?

ನಮ್ಮ ಮಂದಿಗೆ ಒಂದು ರೂಢಿ ಅದ. ಮನ್ಯಾಗ ಯಾವುದರೆ ಮಷೀನು ಕೆಟ್ಟಿತು ಅಂದ್ರ ಮೊದಲ ಅದರ ತಲಿ ಮ್ಯಾಲೆ ಎರಡು ಬಡಿತೀವಿ. ರಿಮೋಟ್ ಇದ್ರ ಅಂಗೈಗೆ ಬಡಕೋತೀವಿ, ಮಿಕ್ಸರ್ ಇದ್ರ ಜಾರ್ ತಗದು ಮತ್ತ ಕೂಡಸ್ತೀವಿ, ಟಿವಿ ಇದ್ರ ಹಿಂದಿನ ವಾಯರ್ ಅಳ್ಳಾಡಸ್ತೀವಿ. ಅದಕ್ಕೂ ಬಗ್ಗಲಿಲ್ಲಾ ಅಂದ್ರ ಮೆಕ್ಯಾನಿಕ್‌ಗೆ ಫೋನು. ಅಂವಾ ಬಂದು, ಮುಚ್ಚಳಾ ತಗದು, ಒಳಗ ಒಮ್ಮೆ ಟಾರ್ಚ್ ಬಿಟ್ಟು ನೋಡಿ, ಒಂದ ಮಾತು ಹೇಳ್ತಾನ: "ಬೋರ್ಡ್ ಹೋಗ್ಯದ್ರೀ ಅಮ್ಮಾರ." ಮುಗೀತು. ಮುಂದ ನಾವೂ ಏನೂ ಕೇಳೂದಿಲ್ಲಾ, ಅಂವಾನೂ ಏನೂ ಹೇಳೂದಿಲ್ಲಾ. ರೊಕ್ಕಾ ಎಷ್ಟು ಅನ್ನೋ ಮಾತೊಂದ ಉಳೀತದ.

ನಾ ಇವತ್ತ ಹೇಳೋದು ಇಷ್ಟ. "ಬೋರ್ಡ್ ಹೋಗ್ಯದ" ಅನ್ನೋದು ಉತ್ತರಾ ಅಲ್ಲಾ. ಯಾಕ ಹೋತು ಅಂತ ಯಾರರೆ ಬಿಡಿಸಿ ಹೇಳೋ ತನಕಾ ಹೊಸಾದಕ್ಕ ರೊಕ್ಕಾ ಕೊಡಬಾರದು. ಇದನ್ನ ನನಗ ಕಲಿಸಿದ್ದು ಯಾವ ಎಂಜಿನಿಯರಿಂಗ್ ಕಾಲೇಜೂ ಅಲ್ಲಾ, ನಾ ಓದಿದ್ದು ಪಿಯುಸಿ ಆರ್ಟ್ಸು. ಕಲಿಸಿದ್ದು ಅಮೇರಿಕಾದಾಗಿನ ಒಂದು ಆಟದ ಮಷೀನು. ನಗಬ್ಯಾಡ್ರಿ, ಪೂರ್ತಿ ಓದ್ರಿ.

ಮಗಳ ಎರಡನೇ ಬಾಣಂತನಕ್ಕಂತ ನಾ ಶಿಕಾಗೋ ಊರ ಹತ್ರ ಆರು ತಿಂಗಳು ಇದ್ದೆ. ಅಲ್ಲೆ ಮನಿಗೋಳಿಗೆ ನೆಲಮಾಳಿಗಿ ಇರ್ತಾವ, ಬೇಸ್‌ಮೆಂಟ್ ಅಂತಾರ. ನಮ್ಮ ಅಟ್ಟ ಇದ್ದಂಗ, ಸದ್ಯಾ ಬ್ಯಾಡಾಗಿದ್ದೆಲ್ಲಾ ಅಲ್ಲೆ ಹೋಗಿ ಕೂಡ್ತದ. ನಮ್ಮ ಅಳಿಯಂದ್ರು ಯಾರೋ ಮನಿ ಖಾಲಿ ಮಾಡೋ ಮುಂದ ಸೋವಿಯೊಳಗ ಸಿಕ್ಕಿತು ಅಂತ ಒಂದು ಪಿನ್‌ಬಾಲ್ ಮಷೀನು ತಂದು ಇಟ್ಟಿದ್ರು. 1980ರ ಸುಮಾರಿಂದು. ಎತ್ತರ ಆಳೆತ್ತರ, ತೂಕಾ ನೂರು ಕಿಲೋದ ಆಸುಪಾಸು. ತಂದ ದಿವಸದಿಂದ ಅದು ಆಟಾ ಆಡಿಸಿದ್ದಿಲ್ಲಾ. ಸ್ವಿಚ್ ಹಾಕಿದ್ರ ಬಣ್ಣದ ದೀಪಾ ಹತ್ತತಿದ್ದವು, ಅಷ್ಟ.

ಪಿನ್‌ಬಾಲ್ ಅಂದ್ರ ಏನು ಅಂತ ಕೇಳ್ತೀರಿ. ನಾವು ಸಣ್ಣವರಿದ್ದಾಗ ಸೂಟಿಯೊಳಗ ಬಾಗಟೆಲ್ ಹಲಗಿ ಆಡ್ತಿದ್ವಲ್ಲಾ? ಇಳಿಜಾರಿನ ಹಲಗಿ, ಅದಕ್ಕ ಮೊಳಿ ಹೊಡದಿರ್ತಿದ್ರು, ಸ್ಪ್ರಿಂಗ್ ಎಳದು ಗೋಲಿ ಬಿಟ್ರ ಮೊಳಿಗೆ ಬಡಕೋತ ಬಂದು ಯಾವುದರೆ ನಂಬರಿನ ಮನ್ಯಾಗ ಬೀಳ್ತಿತ್ತು. ಅದರ ದೊಡ್ಡ ಅಣ್ಣನ ಈ ಪಿನ್‌ಬಾಲ್. ಸ್ಪ್ರಿಂಗಿಲೆ ಗೋಲಿ ಬಿಡೋ ಹಲಗಿಗೆ ಮಾಂಟೆಗ್ಯೂ ರೆಡ್‌ಗ್ರೇವ್ ಅನ್ನಾವ 1871ರಾಗ ಅಮೇರಿಕಾದೊಳಗ ಪೇಟೆಂಟ್ ತೊಗೊಂಡಿದ್ದ. ಮುಂದ 1931ರಾಗ ಶಿಕಾಗೋದ ಗಾಟ್ಲೀಬ್ ಕಂಪನಿ 'ಬ್ಯಾಫಲ್ ಬಾಲ್' ಅಂತ ತಗದ ಆಟಾ ಭಾಳ ಓಡಿತು. 1947ರಾಗ ಅದ ಕಂಪನಿ 'ಹಂಪ್ಟಿ ಡಂಪ್ಟಿ' ಅನ್ನೋ ಮಷೀನಿಗೆ ಕರೆಂಟಿನ ರೆಕ್ಕಿ ಕೂಡಿಸಿತು. ಬಟನ್ ಒತ್ತಿದ್ರ ಆ ರೆಕ್ಕಿ ಪಟ್ಟನ ಎದ್ದು ಗುಂಡನ್ನ ಮ್ಯಾಲೆ ಹೊಡಿತದ, ಅದಕ್ಕ ಫ್ಲಿಪರ್ ಅಂತಾರ. ಅಲ್ಲಿ ತನಕಾ ನಸೀಬಿನ ಆಟಾ ಇದ್ದದ್ದು ಅಲ್ಲಿಂದ ಕೈಚಳಕದ ಆಟಾ ಆತು.

ನಸೀಬಿನ ಆಟಾ ಅಂದ್ರ ಜೂಜು ಅಂತ ನ್ಯೂಯಾರ್ಕಿನೊಳಗ 1942ರಾಗ ಇದನ್ನ ಬಂದ್ ಮಾಡಿಸಿದ್ರು. ಮೇಯರ್ ಲಾ ಗಾರ್ಡಿಯಾ ಸುತಗಿ ಹಿಡದು ಮಷೀನು ಒಡಿಸಿದ. 1976ರಾಗ ರೋಜರ್ ಶಾರ್ಪ್ ಅನ್ನಾವ ಅಲ್ಲಿಯ ಕೌನ್ಸಿಲ್ ಮಂದಿ ಮುಂದ ಆಡಿ ತೋರಿಸಿ, ಇದು ಕೈಯಾಗಿನ ಕೌಶಲ್ಯದ ಆಟಾ ಅಂತ ಒಪ್ಪಿಸಿದ ಮ್ಯಾಲೆ ಆ ಬಂದಿ ಹೋತು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಸ್ಟರ್ನ್, ಹೆಸರಾದ ಕಂಪನಿ ಎಲ್ಲಾ ಶಿಕಾಗೋದ್ದ. ಇಳಕಲ್ಲಿಗೆ ಸೀರಿ ಹೆಂಗೋ ಶಿಕಾಗೋಕ್ಕ ಪಿನ್‌ಬಾಲ್ ಹಂಗ.

ಮೊದಲ ಈ ಮಷೀನೊಳಗ ರಿಲೇ, ಗಾಲಿ, ಮೋಟರ್ ಇಂಥಾವ ಇರ್ತಿದ್ದವು. 1970ರ ದಶಕದ ಎರಡನೇ ಅರ್ಧದಾಗ ಕಂಪ್ಯೂಟರ್ ಚಿಪ್ ಇರೋ ಬೋರ್ಡ್ ಬಂದವು. ಅಳಿಯಂದ್ರು ತಂದದ್ದು ಈ ಜಾತೀದ್ದು. ತಲಿಯೊಳಗ ನಾಕೈದು ಹಸರು ಬೋರ್ಡು: ಒಂದು ಯೋಚನಿ ಮಾಡೋದು, ಒಂದು ಸುರುಳಿಗಳಿಗೆ ಕರೆಂಟ್ ಬಿಡೋದು, ಒಂದು ದೀಪಕ್ಕ, ಒಂದು ಪವರಿಗೆ. ಅಳಿಯಂದ್ರು ಹೊಸಾ ಮುಖ್ಯ ಬೋರ್ಡ್ ತರಿಸಿಬಿಡೋಣು ಅಂತ ತಯಾರಾಗಿದ್ರು. ನೂರಾರು ಡಾಲರಿನ ಮಾತು. ಅಷ್ಟರಾಗ ಬಾಜೂ ಮನಿ ಅಜ್ಜಾ ಬಂದ್ರು, ಮೊದಲ ಟೆಲಿಫೋನ್ ರಿಪೇರಿ ಕೆಲಸದಾಗ ಇದ್ದವರು. "ತರಸೋದೇನು ತರಸ್ರಿ, ಅದಕ್ಕೂ ಮೊದಲ ಮಷೀನಿನ್ನ ಒಂದು ಮಾತು ಕೇಳೋಣು" ಅಂದ್ರು. ಮಗಳು ಕನ್ನಡದಾಗ ಹೇಳಿದ್ಲು, ನಾ ಮೊಮ್ಮಗನ್ನ ತೊಡಿ ಮ್ಯಾಲೆ ಹಾಕ್ಕೊಂಡು ನೋಡ್ಕೋತ ಕೂತೆ.

ಮಷೀನಿನ್ನ ಕೇಳೋದು ಅಂದ್ರ ಹೆಂಗ? ಆ ಮುಖ್ಯ ಬೋರ್ಡಿನ ಮ್ಯಾಲೆ ಒಂದು ಸಣ್ಣ ಕೆಂಪು ದೀಪಾ ಇರ್ತದ. ಸ್ವಿಚ್ ಹಾಕಿದ ಕೂಡ್ಲೆ ಬೋರ್ಡು ತನ್ನನ್ನ ತಾನ ತಪಾಸ ಮಾಡ್ಕೋತದ. ಒಂದೊಂದು ಭಾಗ ಬರೊಬ್ಬರಿ ಇದ್ದಂಗ ದೀಪಾ ಒಂದೊಂದು ಸಲ ಮಿಣುಕ್ತದ. ಮೊದಲ ಒಂದು ಸಣ್ಣ ಮಿಂಚು, ಆಮ್ಯಾಲೆ ಏಳು ಸಲಾ. ಏಳೂ ಆದ್ರ ಮಷೀನು ಆಡಲಿಕ್ಕೆ ತಯಾರು. ನಾಕಕ್ಕ ನಿಂತ್ರ ಐದನೇ ಭಾಗದಾಗ ತೊಂದ್ರಿ, ಆರಕ್ಕ ನಿಂತ್ರ ಏಳನೇದ್ರಾಗ. ನನಗ ಇದು ಸಟ್ಟನ ತಿಳೀತು. ನಾವು ದಿವಸಾ ಕುಕ್ಕರ್ ಸೀಟಿ ಎಣಸೂದಿಲ್ಲೇನು? ಮೂರು ಆಗೋದ್ರೊಳಗ ನಿಂತ್ರ ಗ್ಯಾಸ್ ಮುಗದದೋ, ಗ್ಯಾಸ್ಕೆಟ್ ಸಡ್ಲ ಆಗ್ಯದೋ ಅಂತ ಅಂದಾಜು ಮಾಡ್ತೀವಿ. ಯಾರೂ ಕುಕ್ಕರನ್ನ ಎತ್ತಿ ಒಗಿಯೂದಿಲ್ಲಾ.

ನಮ್ಮ ಮಷೀನಿನ ದೀಪಾ ಮಿಣುಕಲಿಕ್ಕೇ ತಯಾರಿದ್ದಿಲ್ಲಾ, ಹತ್ತಿದ್ದು ಹತ್ತೇ ಇತ್ತು. ಅಂದ್ರ ಬೋರ್ಡು ಎಚ್ಚರಾನ ಆಗವಲ್ದು. ಅಜ್ಜಾ ಬೋರ್ಡಿನ ಮೂಲಿ ತೋರಿಸಿದ್ರು. ಅಲ್ಲೆ ಒಂದು ಸಣ್ಣ ಬ್ಯಾಟರಿ, ಕರೆಂಟ್ ಇಲ್ಲದಾಗ ಹಿಂದಿನ ಅಂಕಿ ನೆನಪಿಟ್ಟುಕೊಳ್ಳಲಿಕ್ಕೆ ಬೋರ್ಡಿಗೇ ಬೆಸದದ್ದು. ನಾಕು ದಶಕದಾಗ ಅದು ಸೋರಿ, ಸುತ್ತಲಿನ ತಾಮ್ರದ ಗೆರಿಗೋಳೆಲ್ಲಾ ಹಸರು ನೀಲಿ ಆಗಿದ್ದವು. ನಾನು "ಕಿಲಬು" ಅಂದೆ. ನಮ್ಮ ತಾಮ್ರದ ಹಂಡೆಕ್ಕ ಏರ್ತದಲ್ಲಾ, ನೋಡಲಿಕ್ಕೆ ಅದ. ಬೋರ್ಡನ್ನ ಎಬ್ಬಸೋ ಭಾಗ ಇರೋದು ಬ್ಯಾಟರಿ ಮಗ್ಗಲಿಗೇ, ಅದಕ್ಕ ಮೊದಲ ಸಾಯೋದೂ ಅದ.

ಔಷಧಾ ಏನು ಹಾಕಿದ್ರು ಗೊತ್ತದ ಏನು? ವಿನೆಗರ್. ಈ ಬ್ಯಾಟರಿಯಿಂದ ಸೋರೋದು ಕ್ಷಾರ, ಅದಕ್ಕ ಹುಳಿ ಬಿದ್ರ ಶಾಂತ ಆಗ್ತದ. ಬ್ಯಾಟರಿ ಕತ್ತರಿಸಿ ತಗದು, ಬೋರ್ಡ್ ಹೊರಗ ಬಿಚ್ಚಿಕೊಂಡು, ಅರ್ಧ ನೀರು ಅರ್ಧ ಬಿಳಿ ವಿನೆಗರ್ ಹಾಕಿ ಹಲ್ಲುಜ್ಜೋ ಹಳೇ ಬ್ರಷ್‌ಲೆ ತಿಕ್ಕಿದ್ರು. ಛಲೋತ್ನಾಗಿ ತೊಳದು, ಆಮ್ಯಾಲೆ ಸ್ಪಿರಿಟ್ ಹಚ್ಚಿ, ಪೂರಾ ಒಣಗಿಸಿದ್ರು. ತಿಂದುಹೋದ ಬಿಡಿಭಾಗ ನಾಕೈದು ಹೊಸಾವು ಬೆಸದ್ರು. ಹೊಸಾ ಬ್ಯಾಟರಿನ್ನ ಮಾತ್ರ ಬೋರ್ಡಿಗೆ ಬೆಸೀಲಿಲ್ಲಾ. ಉದ್ದನ್ನ ವಾಯರ್ ಹಚ್ಚಿ, ವಾಪಸ್ ಕರೆಂಟ್ ನುಗ್ಗದಂಗ ನಡುವ ಒಂದು ಡಯೋಡ್ ಕೂಡಿಸಿ, ದೂರ ಕೆಳಗ ಇಟ್ರು. ನಾಳೆ ಮತ್ತ ಸೋರಿದ್ರೂ ಬೋರ್ಡಿನ ಮ್ಯಾಲೆ ಬೀಳಬಾರದು ಅಂತ. ರಿಪೇರಿ ಅಂದ್ರ ಇದು ನೋಡ್ರಿ. ಬರೇ ಮೊದಲಿನಂಗ ಮಾಡೋದಲ್ಲಾ, ಮತ್ತ ಅದ ಜಡ್ಡು ಬರದಂಗ ಮಾಡೋದು.

ನಿಮ್ಮ ಮನ್ಯಾಗಿನ ರಿಮೋಟ್, ಗಡಿಯಾರ, ಮಕ್ಕಳ ಆಟಗಿ ಇವುಗಳೊಳಗೂ ಇದ ಕಥಿ. ಸೆಲ್ ಸೋರಿ ಬಿಳಿ ಪುಡಿ ಕೂತದ ಅಂತ ರಿಮೋಟ್ ಒಗೀಬ್ಯಾಡ್ರಿ. ಸೆಲ್ ತಗದು, ಹತ್ತಿ ಕಡ್ಡಿಗೆ ಒಂಚೂರು ವಿನೆಗರ್ ಹಚ್ಚಿ ಆ ತಗಡಿನ ಪಟ್ಟಿ ಒರಸ್ರಿ, ಆಮ್ಯಾಲೆ ನೀರಿನ ಕಡ್ಡಿಲೆ ಒರಸಿ ಒಣಗಸ್ರಿ. ಕೈಗೆ ಗ್ಲೌಸ್ ಇರಲಿ, ಆ ಪುಡಿ ಕಣ್ಣಿಗೆ ಬಡೀಬಾರದು. ಆದ್ರ ಇನ್ವರ್ಟರಿನ ದೊಡ್ಡ ಬ್ಯಾಟರಿಗೆ ಇದ ಔಷಧಾ ಹಾಕಬ್ಯಾಡ್ರಿ. ಅದರೊಳಗ ಇರೋದು ಆಸಿಡ್, ಅದರ ಕಡ್ಡಿ ಮ್ಯಾಲೆ ಕೂತ ಪುಡಿಗೆ ಅಡಗಿ ಸೋಡಾ ಬೇಕಾಗ್ತದ, ಅದನ್ನೂ ಬ್ಯಾಟರಿ ಹುಡುಗನ ಕೈಲೆ ಮಾಡಿಸೋದು ಛಲೋ. ಒಂದಕ್ಕ ಹುಳಿ, ಒಂದಕ್ಕ ಸೋಡಾ. ಏನು ಸೋರ್ಯದ ಅಂತ ತಿಳೀದ ಔಷಧಾ ಹಾಕಬಾರದು.

ಇರಲಿ, ಬೋರ್ಡ್ ವಾಪಸ್ ಕೂಡಿಸಿ ಸ್ವಿಚ್ ಹಾಕಿದ್ವಿ. ದೀಪಾ ಮಿಣುಕಿತು. ಒಂದು, ಎರಡು, ಮೂರು... ಆರು. ಏಳು ಬರಲಿಲ್ಲಾ. ಅಳಿಯಂದ್ರ ಮಾರಿ ಸಣ್ಣದಾತು. ಅಜ್ಜಾ ಮಾತ್ರ ಖುಷಿಲೆ ಇದ್ರು, "ಆರರ ತನಕಾ ಬೋರ್ಡಿನ ಮಾತು ಮುಗೀತು, ಏಳನೇದು ಹೊರಗಿಂದು" ಅಂದ್ರು. ಆ ಏಳನೇ ಮಿಣುಕು ಬರಬೇಕಂದ್ರ ಸುರುಳಿಗಳಿಗೆ ಹೋಗೋ 43 ವೋಲ್ಟ್ ಬೋರ್ಡಿಗೆ ಕಾಣಬೇಕು. ಕಾಣವಲ್ದು, ಯಾಕಂದ್ರ ಪವರ್ ಬೋರ್ಡಿನ ಮ್ಯಾಲಿನ ಫ್ಯೂಸ್ ಹೋಗಿತ್ತು. ಹೊಸಾ ಮುಖ್ಯ ಬೋರ್ಡ್ ತರಿಸಿದ್ರ ಅದೂ ಬಂದು ಆರಕ್ಕ ನಿಂದರ್ತಿತ್ತು. ಆವಾಗ ಏನು ಮಾಡ್ತಿದ್ವಿ? ಇನ್ನೊಂದು ಬೋರ್ಡು?

ಇಲ್ಲಿ ಅದ ನೋಡ್ರಿ ನಾ ಹೇಳಬೇಕಂತ ಬರಿಲಿಕ್ಕೆ ಕೂತದ್ದು. ಫ್ಯೂಸ್ ಹೋಗ್ಯದ, ಹೊಸಾ ಫ್ಯೂಸ್ ಹಾಕಿದ್ರ ಆತಲ್ಲಾ ಅಂತ ನಾನೂ ಅಂದೆ, ಅಳಿಯಂದ್ರೂ ಅಂದ್ರು. ಅಜ್ಜಾ ಹಾಕಲಿಲ್ಲಾ. ಫ್ಯೂಸ್ ಹೋಗೋದು ಜಡ್ಡಲ್ಲಾ, ಜ್ವರ ಇದ್ದಂಗ. ಒಳಗ ಏನೋ ಆಗ್ಯದ ಅಂತ ಹೇಳಲಿಕ್ಕೆ ಅದು ತಾ ಸತ್ತದ. ಅಜ್ಜಾ ಮಷೀನ್ ಬಂದ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಸುಮ್ಮನ ಕೂತ್ರು. ಅಂಕಿ ತೋರಿಸೋ ಗಾಜಿಗೆ ಅದರೊಳಗ 190 ವೋಲ್ಟ್ ತನಕಾ ಹೋಗ್ತದ, ಪ್ಲಗ್ ಕಿತ್ತ ಮ್ಯಾಲೂ ಕೆಪಾಸಿಟರಿನ್ಯಾಗ ಕರೆಂಟ್ ಕೂತಿರ್ತದ. ಮೀಟರ್ ಹಚ್ಚಿ ಏನೂ ಉಳದಿಲ್ಲಾ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲೆನ ಕೈ ಹಾಕಿದ್ರು.

ಆಮ್ಯಾಲೆ ಆಟದ ಹಲಗಿ ಎತ್ತಿ ಒಂದೊಂದ ಸುರುಳಿ ಅಳದ್ರು. ಲಿಂಬಿಹಣ್ಣಿನಷ್ಟ ಗಾತ್ರದ ತಾಮ್ರದ ಸುರುಳಿ ಅವು. ಗುಂಡನ್ನ ಒದಿಯೋದು, ಎತ್ತೋದು, ಗಂಟಿ ಬಾರಿಸೋದು ಎಲ್ಲಾ ಅವುಗಳದ ಕೆಲಸಾ. ಒಂದು ಸುರುಳಿ ಸುತ್ತಿನ ಕಾಗದಾ ಕಂದು ಆಗಿತ್ತು, ಸುಟ್ಟ ವಾಸನಿ ಬರ್ತಿತ್ತು. 11 ಓಮ್ ಆಸುಪಾಸು ಇರಬೇಕಾದದ್ದು 2 ಓಮ್ ತೋರಿಸಿತು. ನಾವು ಎಸ್ಸೆಸ್ಸೆಲ್ಸಿಯೊಳಗ ಓಮನ ನಿಯಮಾ ಬಾಯಿಪಾಠ ಮಾಡಿದ್ದು ಎಂದರೆ ಉಪಯೋಗ ಆದೀತು ಅಂತ ಯಾರಿಗೆ ಗೊತ್ತಿತ್ತು! 43ನ್ನ 11ರಿಂದ ಭಾಗಿಸಿದ್ರ ಸುಮಾರು 4 ಆಂಪಿಯರ್, 2ರಿಂದ ಭಾಗಿಸಿದ್ರ 21. ಫ್ಯೂಸ್ ಪಾಪ ಎಷ್ಟಂತ ತಡಕೊಂಡೀತು?

ಈಗರೆ ಸುರುಳಿ ಬದಲಿಸಿ ಮುಗಸ್ತಾರ ಅಂದ್ಕೊಂಡೆ. ಇಲ್ಲಾ. "ಸುರುಳಿ ಯಾಕ ಸುಟ್ಟಿತು?" ಅಂತ ಅಜ್ಜಾಂದು ಮುಂದಿನ ಪ್ರಶ್ನಿ. ಈ ಸುರುಳಿಗೆ ಕಣ್ಣ ಮಿಟುಕಿಸೋದ್ರಾಗ ಕರೆಂಟ್ ಬಂದು ಹೋಗಬೇಕು, ಅಷ್ಟಕ್ಕ ಮಾಡಿದ್ದದು. ಬಂದ ಕರೆಂಟ್ ನಿಂತ ಬಿಟ್ರ ಅದು ಇಸ್ತ್ರಿ ಪೆಟ್ಟಿಗಿ ಆಗ್ತದ. ಕರೆಂಟ್ ಬಿಡೋದು, ಬಂದ್ ಮಾಡೋದು ಟ್ರಾನ್ಸಿಸ್ಟರ್ ಕೆಲಸಾ, ನಮ್ಮ ನಳ ಇದ್ದಂಗ. ಅಳದು ನೋಡಿದ್ರ ಆ ಸುರುಳಿಯ ಟ್ರಾನ್ಸಿಸ್ಟರ್ ತಗದ ನಳದಂಗ ಆಗಿತ್ತು, ಬಂದ್ ಆಗೋ ಮಾತ ಇಲ್ಲಾ.

"ಟ್ರಾನ್ಸಿಸ್ಟರ್ ಯಾಕ ಹೋತು?" ಮತ್ತ ಕೇಳಿದ್ರು. ಬೋರ್‌ವೆಲ್ ಮೋಟರ್ ಬಂದ್ ಮಾಡಿದಾಗ ಪೈಪಿನ್ಯಾಗ ನೀರು ಧಡ್ ಅಂತ ವಾಪಸ್ ಹೊಡಿತದಲ್ಲಾ, ಸುರುಳಿಯೊಳಗಿನ ಕರೆಂಟ್ ನಿಂತಾಗ ಸುದ್ದಾ ಹಂಗ ಒಂದು ಹೊಡತಾ ಬರ್ತದ. ಅದನ್ನ ಒಳಗಿಂದೊಳಗ ತಿರುಗಿಸಿ ಶಾಂತ ಮಾಡಲಿಕ್ಕೆ ಸುರುಳಿಗೆ ಒಂದು ಡಯೋಡ್ ಅಡ್ಡ ಹಾಕಿರ್ತಾರ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಮಷೀನು ಅಳ್ಳಾಡಿ ಅಳ್ಳಾಡಿ ಆ ಡಯೋಡಿನ ಒಂದು ಕಾಲು ಮುರದಿತ್ತು. ಅಲ್ಲಿಗೆ ಕಥಿ ಪೂರಾ ಆತು. ಕಾಲು ಮುರೀತು, ಹೊಡತಾ ಟ್ರಾನ್ಸಿಸ್ಟರಿಗೆ ಬಿತ್ತು, ಅದು ಸತ್ತು ನಳಾ ತಗದೇ ಉಳೀತು, ಸುರುಳಿ ಸುಟ್ಟಿತು, ಫ್ಯೂಸ್ ಹೋತು. ಕಾಣಿಸಿದ್ದು ಫ್ಯೂಸು, ಕಾರಣ ಕೆಲವು ಸೆಂಟಿನ ಡಯೋಡು.

ಅಜ್ಜಾ ಬರೇ ಫ್ಯೂಸ್ ಹಾಕಿದ್ರ ಮತ್ತ ಹೋಗ್ತಿತ್ತು. ದಪ್ಪ ಫ್ಯೂಸ್ ಹಾಕಿದ್ರ ಮನಿಗೆ ಬೆಂಕಿ ಬೀಳೋ ಮಾತು. ಬರೇ ಸುರುಳಿ ಹಾಕಿದ್ರ ಅದೂ ಸುಡ್ತಿತ್ತು. ಬರೇ ಟ್ರಾನ್ಸಿಸ್ಟರ್ ಹಾಕಿದ್ರ ಇನ್ನೊಂದು ಸಲ ಸಾಯ್ತಿತ್ತು. ಡಯೋಡ್, ಟ್ರಾನ್ಸಿಸ್ಟರ್, ಸುರುಳಿ ಮೂರೂ ಹೊಸಾವು ಹಾಕಿ ಕಡೀಕ ಎಷ್ಟು ಆಂಪಿಯರ್ ಅಂತ ಬರದಿತ್ತೋ ಅಷ್ಟರದ ಫ್ಯೂಸ್ ಹಾಕಿದ್ರು. ಏಳನೇ ಮಿಣುಕು ಬಂತು. ಮಗಳು ಚಪ್ಪಾಳಿ ಹೊಡದ್ಲು, ಕೂಸು ಎದ್ದು ಅತ್ತಿತು, ಅದು ಬ್ಯಾರೆ ಮಾತು.

ನಮ್ಮ ಕಡೆ ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸಿಗೆ ಏನು ಮಾಡ್ತಾರ ನೆನಪ ಮಾಡ್ಕೋರಿ. ಒಂದು ಎಳಿ ಹಾಕಿದ್ರ ಪದೇ ಪದೇ ಹೋಗ್ತದ ಅಂತ ವಾಯರಿನ ನಾಕು ಎಳಿ ಹೊಸದು ಹಾಕ್ತಾರ. "ಈಗ ಹೋಗಲಿ ನೋಡೋಣು" ಅಂತಾರ. ಫ್ಯೂಸ್ ಹೋಗೂದಿಲ್ಲ ಖರೆ, ಗ್ವಾಡಿ ಒಳಗಿನ ವಾಯರ್ ಹೋಗ್ತದ. ಈಗಿನ ಟ್ರಿಪ್ ಸ್ವಿಚ್ಚಿಗೂ ಇದ ಮಾತು. ಮ್ಯಾಲಿಂದ ಮ್ಯಾಲೆ ಬೀಳ್ತದ ಅಂತ ದೊಡ್ಡದು ಹಾಕ್ಸೋ ಮೊದಲ, ಯಾಕ ಬೀಳ್ತದ ಅಂತ ನೋಡಸ್ರಿ. ಗೀಸರ್ ಹಾಕಿದಾಗ ಅಷ್ಟ ಬೀಳ್ತದೋ, ಮಳಿ ಬಂದಾಗ ಬೀಳ್ತದೋ, ಅದನ್ನ ಗಮನಿಸೋದು ನಾವ. ಮನ್ಯಾಗ ದಿವಸಾ ಇರಾಕಿ ನಾನು, ಮೆಕ್ಯಾನಿಕ್ ಅಲ್ಲಾ.

ನಮ್ಮ ಓಣ್ಯಾಗಿನ ಒಬ್ರು ಕಾಕು ಅಂತೂ ಇದಕ್ಕ ಛಲೋ ಬೆಲಿ ತೆತ್ತಾರ. ಕಾಕಾ ಹೋದ ಮ್ಯಾಲೆ ಪೆನ್ಶನ್ನಿನ ಮ್ಯಾಲೆ ಒಬ್ಬಾಕೀನ ಇರೋರು. ಅವರ ಬಟ್ಟಿ ಒಗಿಯೋ ಮಷೀನು ನಡುವ ನಿಲ್ಲಲಿಕ್ಕೆ ಹತ್ತಿತು. ಬಂದ ಹುಡುಗ ಹತ್ತು ನಿಮಿಷದಾಗ "ಬೋರ್ಡ್ ಹೋಗ್ಯದ" ಅಂದ. ಏಳು ಸಾವಿರ ಕೊಟ್ಟು ಹಾಕಿಸಿದ್ರು. ಒಂದೂವರಿ ತಿಂಗಳಿಗೆ ಹೊಸಾ ಬೋರ್ಡೂ ಹೋತು. ಯಾಕ ಅಂತ ಕೇಳಿದ್ರ "ನಿಮಗ ತಿಳಿಯೂದಿಲ್ಲ ಅಮ್ಮಾ, ವೋಲ್ಟೇಜ್ ಇರತದ" ಅಂದ್ನಂತ. ಆಮ್ಯಾಲೆ ಓಣಿಯ ಎಲೆಕ್ಟ್ರಿಶನ್ ಬಂದು ಗ್ವಾಡಿಯ ಸಾಕೆಟ್ ಬಿಚ್ಚಿದ್ರ, ಒಳಗಿನ ಪಟ್ಟಿ ಸಡ್ಲ ಆಗಿ ಕರ್ರಗ ಸುಟ್ಟಿತ್ತು. ಪ್ಲಗ್ ಒಳಗ ಕಿಡಿ ಹಾರಿ ಹಾರಿ ಕರೆಂಟು ಬಿಟ್ಟು ಬಿಟ್ಟು ಹೋಗ್ತಿತ್ತು. ಬೋರ್ಡು ಪಾಪ ಅದರ ಹೊಡತಕ್ಕ ಸತ್ತದ. ಇಪ್ಪತ್ತು ನಿಮಿಷದ ಕೆಲಸಾ, ಒಂದು ಹೊಸಾ ಸಾಕೆಟ್. ಮೊದಲ ದಿವಸನ ಒಬ್ಬರರೆ "ಯಾಕ?" ಅಂದಿದ್ರ ಕಾಕುಂದು ಅರ್ಧ ತಿಂಗಳ ಪೆನ್ಶನ್ ಉಳೀತಿತ್ತು. ಆ "ನಿಮಗ ತಿಳಿಯೂದಿಲ್ಲ" ಅನ್ನೋ ಮಾತದಲ್ಲಾ, ನನಗ ರೊಕ್ಕಕ್ಕಿಂತ ಅದ ಹೆಚ್ಚು ಸಂಕಟಾ.

ತಿಳಿಯೂದಿಲ್ಲ ಅನ್ನೋದು ಸುಳ್ಳು. ಒಂದು ಉದಾಹರಣಿ ಕೊಡ್ತೀನಿ. ಪಿನ್‌ಬಾಲಿನ್ಯಾಗ ಗುಂಡು ಎಲ್ಲಿ ಬಡೀತು ಅಂತ ತಿಳಿಲಿಕ್ಕೆ ಹತ್ತಾರು ಸ್ವಿಚ್ ಇರ್ತಾವ. ಒಂದೊಂದಕ್ಕ ಒಂದೊಂದು ವಾಯರ್ ಎಳದ್ರ ವಾಯರಿನ ಗುಡ್ಡ ಆಗ್ತದ. ಅದಕ್ಕ ಏನು ಮಾಡ್ಯಾರ ಅಂದ್ರ, 8 ಅಡ್ಡ ಸಾಲು, 8 ಉದ್ದ ಸಾಲು, ಎರಡೂ ಕೂಡೋ ಜಾಗಾಕ್ಕ ಒಂದು ಸ್ವಿಚ್ಚು. 16 ವಾಯರಿನ್ಯಾಗ 64 ಸ್ವಿಚ್ಚು. ಮಗಳು ಇದನ್ನ ತಿಳಿಸಿ ಹೇಳಲಿಕ್ಕೆ ಒದ್ದಾಡಿದ್ಲು. ನಾ ಅಂದೆ, ಇದು ಚುಕ್ಕಿ ರಂಗೋಲಿ ಅಲ್ಲೇನ? ಎಂಟು ಚುಕ್ಕಿ ಎಂಟು ಸಾಲು. ಒಂದ ಚುಕ್ಕಿ ಕೆಟ್ರ ಆ ಸ್ವಿಚ್ ಒಂದ ಕೆಟ್ಟದ. ಒಂದು ಸಾಲಿಗೆ ಸಾಲ ಸುಮ್ಮನಾದ್ರ ಸ್ವಿಚ್ಚೆಲ್ಲಾ ಕೆಟ್ಟಿಲ್ಲಾ, ಆ ಸಾಲಿನ ವಾಯರೋ, ಅದು ಬೋರ್ಡಿಗೆ ಕೂಡೋ ಜಾಗಾನೋ ಹೋಗ್ಯದ. ಟಿವಿ ರಿಮೋಟ್ ಒಳಗೂ ಹಿಂಗ ಇರ್ತದ. ಒಂದ ಬಟನ್ ಹೋತೋ, ಮೂರ್ನಾಲ್ಕು ಕೂಡೇ ಹೋದವೋ ಅಂತ ನೋಡಿದ್ರ ಅರ್ಧ ಪತ್ತೆ ಹತ್ತಿದಂಗ. ದಿವಸಾ ಮುಂಜಾನೆ ಅಂಗಳದಾಗ ಚುಕ್ಕಿ ಇಡಾಕಿಗೆ ಇದು ತಿಳಿಯೂದಿಲ್ಲ ಅಂದ್ರ ಹೆಂಗ?

ಈಗ ಎದುರು ಮಾತು ಬರ್ತದ, ನನಗ ಗೊತ್ತದ. ನಮ್ಮ ಮನಿಯವರೂ ಅಂದ್ರು, "ಅಮೇರಿಕಾದ ಅಜ್ಜಾಗ ಟೈಮ್ ಇತ್ತು, ನಮ್ಮ ಹುಡುಗ ದಿವಸಕ್ಕ ಹತ್ತು ಮನಿಗೆ ಹೋಗಬೇಕು. ಒಂದು ಡಯೋಡ್ ಹುಡುಕ್ಕೋತ ಕೂತ್ರ ಅವನ ಹೊಟ್ಟಿ ತುಂಬೂದಿಲ್ಲಾ." ಖರೆ ಅದ. ಹುಡುಗನ ಮ್ಯಾಲೆ ನನಗ ಸಿಟ್ಟಿಲ್ಲಾ. ಈಗಿನ ಭಾಳಷ್ಟು ಬಟ್ಟಿ ಮಷೀನಿನ ಬೋರ್ಡಿನ ಮ್ಯಾಲೆ ನೀರು ಹೋಗಬಾರದಂತ ಅಂಟಿನಂಥಾದ್ದು ಸುರುವಿ ಮುಚ್ಚಿರ್ತಾರ. ಅದರೊಳಗಿಂದ ಒಂದು ಟ್ರಾನ್ಸಿಸ್ಟರ್ ಕಿತ್ತು ಹಾಕೋದು ಅಂವಗೂ ತ್ರಾಸ. ನಕಾಶಿ ಅಂತೂ ಯಾರೂ ಕೊಡೂದಿಲ್ಲಾ.

ಆದ್ರ ಹಳೇ ಪಿನ್‌ಬಾಲ್ ನೋಡ್ರಿ. ಮಷೀನಿನ ಜೊತಿಗೇ ಅದರ ಸರ್ಕೀಟಿನ ಪೂರಾ ನಕಾಶಿ ಬರ್ತಿತ್ತು. ದೊಡ್ಡ ಚಿಪ್‌ಗಳು ಸಾಕೆಟ್ಟಿನ ಮ್ಯಾಲೆ ಕೂತಿರ್ತಿದ್ದವು, ಬೇಕಾದ್ರ ಕಿತ್ತು ಬದಲಿ ಹಾಕಬಹುದು. ರೊಕ್ಕಾ ಹಾಕೋ ಬಾಗಲಾ ತಗದ್ರ ಒಳಗ ಒಂದು ಬಟನ್ನು. ಅದನ್ನ ಒತ್ತಿದಂಗ ದೀಪಾ, ಅಂಕಿ, ಸುರುಳಿ ಎಲ್ಲಾ ಒಂದೊಂದಾಗಿ ತಪಾಸ ಆಗ್ತಾವ. ಯಾಕ ಹಂಗ ಮಾಡಿದ್ರು? ಆ ಕಂಪನಿಯವರು ಪುಣ್ಯಾತ್ಮರು ಅಂತಲ್ಲಾ. ಮಷೀನು ಯಾವುದೋ ಹೋಟೆಲಿನ್ಯಾಗ ಇರ್ತಿತ್ತು, ಒಂದು ದಿವಸ ಬಂದ್ ಬಿದ್ರ ಮಾಲಕನ ಒಂದು ದಿವಸದ ಗಳಕಿ ಹೋತು. ಅದಕ್ಕ ಅಲ್ಲೇ ನಿಂತು ರಿಪೇರಿ ಆಗೋಹಂಗ ಬೇಕು ಅಂತ ಕೊಳ್ಳೋರು ಕೇಳ್ತಿದ್ರು, ಮಾಡೋರು ಮಾಡ್ತಿದ್ರು. ನಮ್ಮ ಅಡಗಿ ಮನಿ ಮಷೀನು ಬಂದ್ ಬಿದ್ರ ಯಾರ ಗಳಕಿ ಹೋಗ್ತದ? ನಮ್ಮ ರಟ್ಟಿ ಹೋಗ್ತದ. ಅದು ಯಾರ ಲೆಕ್ಕದಾಗೂ ಬರೂದಿಲ್ಲಾ. ನಾವು ಕೇಳಲಿಲ್ಲಾ ಅಂದ್ರ ಮಾಡೋರು ಯಾಕ ಮಾಡ್ಯಾರು?

ಕೇಳಲಿಕ್ಕೆ ಈಗ ಜಾಗಾನೂ ಅದ. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರ ಇಲಾಖೆಯವರು 2022ರಾಗ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ತಗದಾರ. ರಿಪೇರಿ ಮಾಡಿಸಿಕೊಳ್ಳೋ ಹಕ್ಕು ಅಂತ ಅದರ ಅರ್ಥ. ಮೊಬೈಲ್, ಮನಿ ಮಷೀನು, ಗಾಡಿ, ಹೊಲದ ಯಂತ್ರ ಇವುಗಳ ರಿಪೇರಿ ಮಾಹಿತಿ ಕಂಪನಿಯವರು ಅಲ್ಲೆ ಇಡಬೇಕು ಅನ್ನೋದು ಉದ್ದೇಶ. ಮಕ್ಕಳಿಗೆ ಹೇಳಿ ಒಮ್ಮೆ ತಗಸಿ ನೋಡ್ರಿ.

ಇನ್ನೊಂದು ಮಾತು ಸ್ಪಷ್ಟ ಹೇಳ್ತೀನಿ. ನಾ ನಿಮಗ ಸ್ಕ್ರೂ ಡ್ರೈವರ್ ಹಿಡ್ಕೊಂಡು ಮಿಕ್ಸರ್, ಮೈಕ್ರೊವೇವ್, ಇನ್ವರ್ಟರ್ ಬಿಚ್ಚರಿ ಅಂತ ಹೇಳಲಿಕ್ಕೆ ಹತ್ತಿಲ್ಲಾ. ಅಮೇರಿಕಾದ ಮನಿ ಕರೆಂಟು 120 ವೋಲ್ಟು, ನಮ್ಮದು 230. ಮೈಕ್ರೊವೇವ್ ಒಳಗಂತೂ ಸಾವಿರಗಟ್ಟಲೆ ವೋಲ್ಟ್ ಇರ್ತದ, ಪ್ಲಗ್ ತಗದ ಮ್ಯಾಲೂ ಸ್ವಲ್ಪ ಹೊತ್ತು ಕೂತಿರ್ತದ. ಅದಕ್ಕ ಕೈ ಹಾಕೋದು ಕಲಿತವರ ಕೆಲಸಾ. ನಮ್ಮ ಕೆಲಸಾ ನೋಡೋದು, ಕೇಳೋದು, ಎಣಸೋದು, ಬರದಿಡೋದು.

ಅದಕ್ಕ ಮನ್ಯಾಗ ಒಂದು ಹಳೇ ನೋಟ್‌ಬುಕ್ ಇಡ್ರಿ, ಹಾಲಿನ ಲೆಕ್ಕದ ಪುಸ್ತಕಾ ಇದ್ರೂ ನಡೀತದ. ಮಷೀನು ಕೆಟ್ಟ ದಿವಸಾ, ಆವಾಗ ಅದು ಏನು ಮಾಡ್ತಿತ್ತು, ವಾಸನಿ ಬಂತೇನು, ಸಪ್ಪಳಾ ಬಂತೇನು, ಆ ಹೊತ್ತಿಗೆ ಕರೆಂಟ್ ಹೋಗಿ ಬಂದಿತ್ತೇನು, ಗುಡುಗು ಮಿಂಚು ಇತ್ತೇನು, ಇಷ್ಟು ಬರೀರಿ. ದೀಪಾ ಮಿಣುಕಿದ್ರ ಎಷ್ಟು ಸಲ ಅಂತ ಎಣಸ್ರಿ. ಇಂಡಕ್ಷನ್ ಒಲಿ, ಬಟ್ಟಿ ಮಷೀನು ಇವು 'ಇ' ಅಂತ ಅಕ್ಷರ ಅದರ ಮುಂದ ಒಂದು ಅಂಕಿ ತೋರಸ್ತಾವ. ಅದು ಆ ಕೆಂಪು ದೀಪದ ತಂಗೀನ. ಬಂದ್ ಮಾಡೋ ಮೊದಲ ಅದರದೊಂದು ಫೋಟೋ ತಗೀರಿ, ಮಷೀನಿನ ಜೊತಿ ಬಂದ ಪುಸ್ತಕದಾಗ ಅದರ ಅರ್ಥ ನೋಡ್ರಿ. ಆ ಪುಸ್ತಕಾನ ರದ್ದಿಗೆ ಹಾಕಬ್ಯಾಡ್ರಿ. ಮೆಕ್ಯಾನಿಕ್ ಬರೋದ್ರೊಳಗ ಅದ ಸಾಕೆಟ್ಟಿಗೆ ಇನ್ನೊಂದು ಮಷೀನು ಹಚ್ಚಿ ನೋಡ್ರಿ, ಇಲ್ಲಾ ಈ ಮಷೀನ್ನ ಅದರ ಲೋಡ್ ತಡಿಯೋ ಬ್ಯಾರೆ ಸಾಕೆಟ್ಟಿಗೆ ಹಚ್ಚಿ ನೋಡ್ರಿ. ಒಮ್ಮೆಗೆ ಒಂದ ಬದಲ ಮಾಡಬೇಕು. ಸಾರಿಗೆ ಉಪ್ಪು, ಹುಳಿ, ಖಾರ ಮೂರೂ ಕೂಡೇ ಹಾಕಿದ್ರ ಯಾವುದು ಹೆಚ್ಚಾತು ಅಂತ ಹೆಂಗ ತಿಳೀಬೇಕು?

ಅಂವಾ ಬಂದ ಮ್ಯಾಲೆ, ವಾಯರ್ ಬಿಚ್ಚೋ ಮೊದಲ ಒಂದು ಫೋಟೋ ತಗೀಲಿಕ್ಕೆ ಹೇಳ್ರಿ. ಚಹಾ ಕೊಡ್ರಿ, ಮರ್ಯಾದಿಲೆ ಮಾತಾಡ್ರಿ, ಆದ್ರ ಮಗ್ಗಲಿಗೆ ನಿಂತು ನೋಡ್ರಿ. ಬದಲಿಸಿದ್ದ ಹಳೇ ಸಾಮಾನು ವಾಪಸ್ ಕೇಳ್ರಿ. "ಬೋರ್ಡ್ ಹೋಗ್ಯದ" ಅಂದ್ರ, "ಹೌದ ಏನಪಾ, ಯಾಕ ಹೋಗಿರಬೇಕು? ಹೊಸಾದು ಹಾಕಿದ್ರ ಅದೂ ಹೋಗೂದಿಲ್ಲಂತ ಹೆಂಗ ಹೇಳ್ತಿ? ಸಾಕೆಟ್ ನೋಡಿದಿ ಏನು? ಕನೆಕ್ಟರ್ ಬಿಚ್ಚಿ ನೋಡಿದಿ ಏನು?" ಅಂತ ಸಮಾಧಾನಲೆ ಕೇಳ್ರಿ. ಬಲ್ಲಾವ ಇದ್ರ ಖುಷಿಲೆ ಹೇಳ್ತಾನ, ತನ್ನ ಕೆಲಸದ ಬಗ್ಗೆ ಯಾರರೆ ಕೇಳಿದ್ರ ಯಾರಿಗೆ ಬ್ಯಾಡ? ಹಾರಿಕಿ ಉತ್ತರಾ ಕೊಟ್ರ ಇನ್ನೊಬ್ಬರನ್ನ ಕರಸ್ರಿ. ಏಳು ಸಾವಿರಕ್ಕ ಸೀರಿ ತೊಗೊಳ್ಳೋ ಮುಂದ ನಾಕು ಅಂಗಡಿ ಅಡ್ಡಾಡಿ, ಸೆರಗು ಬಿಚ್ಚಿ, ಬಣ್ಣಾ ಬಿಡ್ತದೇನು ಅಂತ ಹತ್ತು ಸಲ ಕೇಳ್ತೀವಿ. ಬೋರ್ಡಿಗೆ ಒಂದು ಮಾತು ಕೇಳಲಿಕ್ಕೆ ಯಾಕ ಸಂಕೋಚ?